ಆಡಿದ ಮಾತಿಗೆ ಸಾಕ್ಷಿ ಯಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮೊಬೈಲ್ ಅಂಗಡಿಗಳಲ್ಲಿ ಹೊಸ ಫೋನು ಕೊಳ್ಳಲು ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಕ್ಯಾಮೆರಾ ಹೇಗಿದೆ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಈಚಿನ ವರ್ಷಗಳಲ್ಲಿ ಮೂರನೆಯ ಪ್ರಶ್ನೆಯೊಂದು ಇವುಗಳ ಜೊತೆ ಸೇರಿಕೊಂಡಿದೆ. ‘ಇದ್ರಂಗೆ ಕಾಲ್ ರೆಕಾರ್ಡ್ ಆತ್ತಾ?’ ಹೀಗೆ ಕೇಳುವವರು ಪತ್ತೇದಾರರಲ್ಲ, ಪರರ ಗುಟ್ಟು ಕದಿಯುವ ಚಟದವರೂ ಅಲ್ಲ. ಅವರಲ್ಲಿ ತೆಂಗಿನಕಾಯಿ ವ್ಯಾಪಾರಿಗಳಿದ್ದಾರೆ, ಮನೆ ಕಟ್ಟಿಸುತ್ತಿರುವ ನಿವೃತ್ತ ಶಿಕ್ಷಕರಿದ್ದಾರೆ, ಮಕ್ಕಳನ್ನು ಪರವೂರಿನ ದುಡಿಮೆಗೆ ಕಳುಹಿಸಿ ಮನೆಯಲ್ಲಿ ಒಂಟಿಯಾಗಿರುವ ತಾಯಂದಿರಿದ್ದಾರೆ. ಅಂಗಡಿಯವರು ಬಹುತೇಕ ಮಾದರಿಗಳ ಬಗ್ಗೆ ಕೊಡುವ ಉತ್ತರ ಒಂದೇ: ‘ಆಗುತ್ತದೆ. ಆದರೆ ರೆಕಾರ್ಡ್ ಆಗುತ್ತಿದೆ ಎಂದು ಫೋನೇ ಆಚೆಯವರಿಗೂ ಹೇಳಿಬಿಡುತ್ತದೆ.’

ಇದೊಂದು ಸಣ್ಣ ಸಂಗತಿಯೆಂದು ತೋರಬಹುದು. ಯಾವುದೋ ಕಂಪನಿ ತನ್ನ ಯಂತ್ರದಿಂದ ಒಂದು ಗುಂಡಿಯನ್ನು ತೆಗೆದುಹಾಕಿದರೆ ಅದರಲ್ಲಿ ಚರ್ಚಿಸುವಂಥದ್ದೇನಿದೆ ಎಂದು ಕೇಳಲೂಬಹುದು. ಆದರೆ ಆ ಗುಂಡಿಯ ಹಿಂದೆ, ಆಡಿದ ಮಾತಿಗೆ ಸಾಕ್ಷಿ ಇಟ್ಟುಕೊಳ್ಳುವ ಶಕ್ತಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯಿದೆ. ಅದಕ್ಕೆ ಉತ್ತರ ಹೇಳಬೇಕಾದ್ದು ನಮ್ಮ ಶಾಸನಸಭೆ. ಈಗ ಹೇಳುತ್ತಿರುವುದು ಫೋನಿನ ತಂತ್ರಾಂಶ ಬರೆಯುವ ಕಂಪನಿ.

ಬಾಯಿಮಾತಿನ ವ್ಯವಹಾರ

ನಮ್ಮ ಕರಾವಳಿಯ ಆರ್ಥಿಕತೆ ಬಹುಮಟ್ಟಿಗೆ ಬಾಯಿಮಾತಿನ ಮೇಲೆ ನಿಂತಿದೆ. ಗಂಗೊಳ್ಳಿಯ ಬೋಟಿನ ಮಾಲೀಕರು ಕೆಲಸದವರಿಗೆ ಮುಂಗಡ ಕೊಡುವುದು ಫೋನಿನಲ್ಲಿ ಆಡಿದ ಮಾತಿನ ಆಧಾರದಿಂದ. ಗೇರುಬೀಜದ ಫಸಲನ್ನು ವರ್ಷಕ್ಕಿಷ್ಟು ಎಂದು ವಹಿಸಿಕೊಡುವುದೂ ಹಾಗೆಯೇ. ಬೆಂಗಳೂರು, ಮುಂಬಯಿಗಳ ಹೋಟೆಲುಗಳಿಗೆ ಈ ಮೂರೂ ತಾಲ್ಲೂಕುಗಳಿಂದ ಹೋದ ಹುಡುಗರಲ್ಲಿ ಎಷ್ಟು ಮಂದಿಗೆ ನೇಮಕಾತಿ ಪತ್ರ ಸಿಕ್ಕೀತು? ‘ತಿಂಗಳಿಗೆ ಇಷ್ಟು ಕೊಡುತ್ತೇನೆ, ಊಟ ವಸತಿ ನನ್ನದು’ ಎಂಬ ಒಂದು ಕರೆಯೇ ಅವರ ಪಾಲಿನ ಕರಾರು. ಮನೆ ಕಟ್ಟುವ ಮೇಸ್ತ್ರಿ ಚದರಡಿಯ ದರ ಹೇಳುವುದು, ಜಾಗದ ದಲ್ಲಾಳಿ ತನ್ನ ಪಾಲು ತಿಳಿಸುವುದು, ಎಲ್ಲವೂ ಫೋನಿನಲ್ಲೇ.

ಹಾಗೆಂದು ಮಾತನ್ನು ದಾಖಲಿಸಿಡುವ ಪದ್ಧತಿ ಈ ನೆಲಕ್ಕೆ ಹೊಸತಲ್ಲ. ಬಾರ್ಕೂರು, ಬಸ್ರೂರುಗಳಲ್ಲಿ ದೊರೆತ ಶಾಸನಗಳನ್ನು ಬಲ್ಲವರಿಗೆ ಇದು ಗೊತ್ತು. ದಾನ ಕೊಟ್ಟ ಭೂಮಿಗಳ ವಿವರಗಳನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಕೊರೆದು ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು. ಕೊಟ್ಟವನು ದೊಡ್ಡವನಾದರೂ ಮುಂದಿನ ತಲೆಮಾರಿನಲ್ಲಿ ಮಾತು ತಿರುಚೀತು ಎಂಬ ಎಚ್ಚರ ಅವರಿಗಿತ್ತು. ಮುಂದೆ ಕೈಬರಹದ ಚೀಟಿ ಬಂತು, ಛಾಪಾ ಕಾಗದ ಬಂತು. ಫೋನು ಬಂದ ಮೇಲೆ ಮಾತಿನ ವೇಗ ಹೆಚ್ಚಿತು, ಸಾಕ್ಷಿ ಇಲ್ಲವಾಯಿತು. ಸ್ಮಾರ್ಟ್‌ಫೋನಿನ ಧ್ವನಿಮುದ್ರಣ ಸೌಲಭ್ಯ ಆ ಕೊರತೆಯನ್ನು ಕೆಲವು ವರ್ಷಗಳ ಮಟ್ಟಿಗೆ ತುಂಬಿಕೊಟ್ಟಿತ್ತು.

ಬಾಗಿಲು ಮುಚ್ಚಿದ ಬಗೆ

ಆ ಸೌಲಭ್ಯ ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಗೂಗಲ್ ಕಂಪನಿ 2018 ಹಾಗೂ 2019ರಲ್ಲಿ ಬಿಡುಗಡೆ ಮಾಡಿದ ಆಂಡ್ರಾಯ್ಡ್‌ನ 9 ಮತ್ತು 10ನೇ ಆವೃತ್ತಿಗಳಲ್ಲಿ, ಹೊರಗಿನ ಆಪ್‌ಗಳು ಕರೆಯ ಧ್ವನಿಯನ್ನು ಹಿಡಿಯುವ ದಾರಿಗಳನ್ನು ಒಂದೊಂದಾಗಿ ಮುಚ್ಚಿತು. ಆಗ ಆಪ್ ತಯಾರಕರು ಅಂಗವಿಕಲರ ಅನುಕೂಲಕ್ಕೆಂದು ಫೋನಿನಲ್ಲಿ ಇಟ್ಟಿದ್ದ ವಿಶೇಷ ವ್ಯವಸ್ಥೆಯ ಮೂಲಕ ಒಳಹೊಕ್ಕರು. 2022ರ ಮೇ 11ರಿಂದ ಅದನ್ನೂ ಈ ಕೆಲಸಕ್ಕೆ ಬಳಸಕೂಡದು ಎಂಬ ನಿಯಮ ಜಾರಿಗೆ ಬಂತು. ಟ್ರೂಕಾಲರ್‌ನಂಥ ಜನಪ್ರಿಯ ಆಪ್ ಕೂಡ ಆಗ ತನ್ನ ಧ್ವನಿಮುದ್ರಣ ಸೌಲಭ್ಯವನ್ನು ಹಿಂದೆಗೆದುಕೊಂಡಿತು.

ಇದೇ ಅವಧಿಯಲ್ಲಿ ಹಲವು ಕಂಪನಿಗಳು ತಮ್ಮದೇ ಡಯಲರ್ ಬಿಟ್ಟು ಗೂಗಲ್‌ನ ಡಯಲರ್ ಅಳವಡಿಸಿಕೊಂಡವು. ಅದರಲ್ಲಿ ಧ್ವನಿಮುದ್ರಣದ ಗುಂಡಿ ಒತ್ತಿದೊಡನೆ ‘ಈ ಕರೆ ದಾಖಲಾಗುತ್ತಿದೆ’ ಎಂಬ ಘೋಷಣೆ ಎರಡೂ ಕಡೆಯವರಿಗೆ ಕೇಳಿಸುತ್ತದೆ. ಅಲ್ಲಿಯವರೆಗೆ ಈ ಸೌಲಭ್ಯವನ್ನೇ ಕೊಡದಿದ್ದ ಆ್ಯಪಲ್ ಕಂಪನಿ 2024ರ ಅಕ್ಟೋಬರಿನಲ್ಲಿ ಐಫೋನಿಗೆ ಅದನ್ನು ತಂದಿತಾದರೂ ಘೋಷಣೆ ಅಲ್ಲಿಯೂ ಉಂಟು. ಸದ್ದಿಲ್ಲದೆ ದಾಖಲಿಸುವ ಫೋನುಗಳು ಮಾರುಕಟ್ಟೆಯಲ್ಲಿ ಈಗಲೂ ಇವೆ. ಆದರೆ ಸೌಲಭ್ಯ ಇರುವುದೂ ಇಲ್ಲದಿರುವುದೂ ಕಂಪನಿಯ ಮರ್ಜಿಗೆ ಬಿಟ್ಟದ್ದು.

ಕಂಪನಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಅವು ಇಡೀ ಜಗತ್ತಿಗೆ ಒಂದೇ ತಂತ್ರಾಂಶ ಮಾರುತ್ತವೆ. ಜರ್ಮನಿಯಲ್ಲಿ ಎದುರಿಗಿರುವವರ ಒಪ್ಪಿಗೆಯಿಲ್ಲದೆ ಮಾತನ್ನು ಮುದ್ರಿಸಿಕೊಳ್ಳುವುದು ಅಪರಾಧ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಸಂಭಾಷಣೆಯ ಮುದ್ರಣಕ್ಕೆ ಎಲ್ಲರ ಸಮ್ಮತಿ ಬೇಕು. ಅಮೆರಿಕದ ಕೇಂದ್ರ ಕಾನೂನಿಗೆ ಮಾತ್ರ ಪಾಲ್ಗೊಂಡವರಲ್ಲಿ ಒಬ್ಬರ ಒಪ್ಪಿಗೆ ಸಾಕು. ಇಷ್ಟು ಬಗೆಯ ಕಾನೂನುಗಳ ನಡುವೆ ಕಂಪನಿ ಅತಿ ಕಟ್ಟುನಿಟ್ಟಿನದನ್ನೇ ಆರಿಸಿಕೊಳ್ಳುವುದು ಸಹಜ. ಆದರೆ ಜರ್ಮನಿಯವರು ತಮ್ಮ ಸಂಸತ್ತಿನಲ್ಲಿ ಕೂತು ಚರ್ಚಿಸಿ ಮಾಡಿಕೊಂಡ ನಿಯಮ, ನಾವು ಚರ್ಚಿಸದೆಯೇ ನಮ್ಮ ಜೇಬಿಗೆ ಬಂದು ಕೂತಿದೆ ಎಂಬುದನ್ನೂ ಗಮನಿಸಬೇಕು.

ಒಂದೇ ಕಡೆಯ ದಾಖಲೆ

ಇದರ ಪರಿಣಾಮ ಏನೆಂಬುದು ನನಗೆ ಸ್ಪಷ್ಟವಾದದ್ದು ನನ್ನ ಹತ್ತಿರದ ಸಂಬಂಧಿಯೊಬ್ಬರ ಪ್ರಕರಣದಿಂದ. ವಯಸ್ಸಾದವರು, ಗಂಡ ತೀರಿಹೋಗಿದ್ದಾರೆ, ಮಗ ಮುಂಬಯಿಯಲ್ಲಿದ್ದಾನೆ. ಉಳಿತಾಯದ ಹಣ ಒಂದು ಲಕ್ಷ ರೂಪಾಯಿಯಷ್ಟಿತ್ತು. ಅದನ್ನು ಠೇವಣಿ ಇಟ್ಟರೆ ಹೆಚ್ಚು ಬಡ್ಡಿ ಬರುತ್ತದೆಂದು ಸಂಸ್ಥೆಯೊಂದರ ಪ್ರತಿನಿಧಿ ಫೋನಿನಲ್ಲಿ ನಾಲ್ಕಾರು ಸಲ ಹೇಳಿ ಒಪ್ಪಿಸಿದ. ಮರುವರ್ಷ ಎರಡನೆಯ ಕಂತು ಕಟ್ಟಿರೆಂದು ಕಾಗದ ಬಂದಾಗಲೇ ಅದು ಠೇವಣಿಯಲ್ಲ, ವರ್ಷವರ್ಷವೂ ಕಂತು ಕಟ್ಟಬೇಕಾದ ವಿಮಾ ಪಾಲಿಸಿ ಎಂದು ತಿಳಿದದ್ದು. ಕಟ್ಟದಿದ್ದರೆ ಮೊದಲ ಕಂತಿನ ಬಹುಪಾಲು ಕೈಬಿಡುತ್ತದೆ.

‘ಅವ ಡಿಪಾಸಿಟ್ ಅಂತ್ಲೇ ಹೇಳದ್ದ್, ಮಗಾ’ ಎಂದು ಅವರು ನನ್ನೆದುರು ಹೇಳಿದರು. ನಾನು ದೂರು ಬರೆದುಕೊಟ್ಟೆ. ಸಂಸ್ಥೆಯ ಉತ್ತರ ಚಿಕ್ಕದಾಗಿತ್ತು. ಪಾಲಿಸಿ ನೀಡುವ ಮೊದಲು ದೃಢೀಕರಣ ಕರೆ ಮಾಡಲಾಗಿತ್ತು, ಗ್ರಾಹಕರು ಎಲ್ಲ ಷರತ್ತುಗಳಿಗೂ ‘ಹೌದು’ ಎಂದಿದ್ದಾರೆ, ಅದರ ಧ್ವನಿಮುದ್ರಿಕೆ ನಮ್ಮಲ್ಲಿದೆ. ಇದು ಸುಳ್ಳೂ ಅಲ್ಲ. ವೇಗವಾಗಿ ಓದಿದ ಪ್ರಶ್ನೆಗಳಿಗೆಲ್ಲ ‘ಹೌದು’ ಎಂದೇ ಹೇಳಬೇಕೆಂದು ಆ ಪ್ರತಿನಿಧಿ ಅವರಿಗೆ ಮೊದಲೇ ಕಲಿಸಿಕೊಟ್ಟಿದ್ದ. ಅವರ ‘ಹೌದು’ ಸಂಸ್ಥೆಯ ಕಡತದಲ್ಲಿ ಭದ್ರವಾಗಿತ್ತು. ಅದಕ್ಕೆ ಕಾರಣವಾದ ಅವನ ಮಾತು ಎಲ್ಲಿಯೂ ಇರಲಿಲ್ಲ. ಎಲ್ಲ ಕರೆಗಳೂ ತಾವಾಗಿ ದಾಖಲಾಗುವ ಆಪ್ ಒಂದನ್ನು ಮಗ ಹಿಂದೆ ಅವರ ಫೋನಿಗೆ ಹಾಕಿಕೊಟ್ಟಿದ್ದ. 2022ರ ಆ ನಿಯಮದ ನಂತರ ಅದು ನಿಂತುಹೋಗಿತ್ತು. ಪ್ರತಿನಿಧಿಯ ಕರೆಗಳು ಬಂದದ್ದು ಆಮೇಲೆ. ವಿಮಾ ಒಂಬುಡ್ಸ್‌ಮನ್‌ವರೆಗೆ ಹೋಗುವ ದಾರಿಯಿತ್ತು. ಅವರು ಸಾಕೆಂದು ಕೈಮುಗಿದರು.

ಗ್ರಾಹಕ ಸೇವಾ ಕೇಂದ್ರಗಳಿಗೆ ಕರೆ ಮಾಡಿದ ಯಾರಿಗೂ, ‘ಗುಣಮಟ್ಟ ಹಾಗೂ ತರಬೇತಿಯ ಉದ್ದೇಶಕ್ಕಾಗಿ ಈ ಕರೆಯನ್ನು ದಾಖಲಿಸಲಾಗುವುದು’ ಎಂಬ ವಾಕ್ಯ ಹೊಸದಲ್ಲ. ಗ್ರಾಹಕರ ಅಪ್ಪಣೆಯಿಲ್ಲದೆ ವ್ಯವಹಾರ ನಡೆಯದಂತೆ ಸೆಬಿ 2018ರಲ್ಲಿ ಷೇರು ದಲ್ಲಾಳಿಗಳಿಗೆ ನಿಯಮ ಮಾಡಿದಾಗ, ಅಪ್ಪಣೆಗೆ ಪುರಾವೆಯಾಗಿ ಇಡಬಹುದಾದವುಗಳಲ್ಲಿ ಫೋನ್ ಧ್ವನಿಮುದ್ರಿಕೆಯನ್ನೂ ಸೇರಿಸಿತು. ಅಂದರೆ ಹಣದ ವ್ಯವಹಾರದಲ್ಲಿ ಮಾತಿಗೆ ದಾಖಲೆ ಬೇಕೆಂಬುದನ್ನು ನಮ್ಮ ವ್ಯವಸ್ಥೆ ಒಪ್ಪಿದೆ. ಆದರೆ ದಾಖಲೆ ಇರಬೇಕಾದ್ದು ಸಂಸ್ಥೆಯ ಬಳಿ ಎಂದಷ್ಟೇ ಒಪ್ಪಿದೆ. ಗ್ರಾಹಕ ತನ್ನ ಕಡೆಯಿಂದ ದಾಖಲಿಸಹೊರಟರೆ ಫೋನು ಘೋಷಣೆ ಮಾಡುತ್ತದೆ. ಲಂಚ ಕೇಳುವವನು, ಸುಳ್ಳು ಹೇಳಿ ಮಾರುವವನು, ಬೆದರಿಸುವವನು, ಎಲ್ಲರೂ ಆ ಘೋಷಣೆ ಕೇಳಿದೊಡನೆ ಬಾಯಿ ಮುಚ್ಚುತ್ತಾರೆ ಇಲ್ಲವೇ ಸಭ್ಯರಾಗುತ್ತಾರೆ.

ನ್ಯಾಯಾಲಯ ಹೇಳಿದ್ದೇನು?

ತಾನು ಪಾಲ್ಗೊಂಡ ಸಂಭಾಷಣೆಯನ್ನು ಮುದ್ರಿಸಿಕೊಳ್ಳುವುದನ್ನೇ ಅಪರಾಧವೆಂದು ಹೆಸರಿಸುವ ಕಾಯ್ದೆ ನಮ್ಮಲ್ಲಿಲ್ಲ. ಅದು ನಾಗರಿಕನ ಹಕ್ಕೆಂದು ಬರೆದಿಟ್ಟ ಕಾಯ್ದೆಯೂ ಇಲ್ಲ. ಇರುವುದು ತೀರ್ಪುಗಳು. ಅವುಗಳಲ್ಲಿ ಪ್ರಸಿದ್ಧವಾದದ್ದು ಆರ್.ಎಂ. ಮಲ್ಕಾನಿ ಪ್ರಕರಣ. ಅಸಹಜ ಸಾವುಗಳ ವಿಚಾರಣೆ ನಡೆಸುವ ಮುಂಬಯಿಯ ಕರೋನರ್ ಅಧಿಕಾರಿ 1964ರಲ್ಲಿ ವೈದ್ಯರೊಬ್ಬರಿಂದ ಲಂಚ ಕೇಳಿದ ಆರೋಪ ಅದು. ಭ್ರಷ್ಟಾಚಾರ ನಿಗ್ರಹ ಪೊಲೀಸರು ಮತ್ತೊಬ್ಬ ವೈದ್ಯರ ಒಪ್ಪಿಗೆ ಪಡೆದು, ಅವರ ಟೆಲಿಫೋನಿಗೆ ಟೇಪ್ ರೆಕಾರ್ಡರ್ ಜೋಡಿಸಿ ಮಾತುಕತೆಯನ್ನು ಹಿಡಿದರು. ಮಾತನಾಡುವವರಲ್ಲಿ ಒಬ್ಬರ ಸಮ್ಮತಿಯಿಂದ ಹೀಗೆ ಮಾಡಿದರೆ ಟೆಲಿಗ್ರಾಫ್ ಕಾಯ್ದೆಯ ಉಲ್ಲಂಘನೆಯಾಗದು, ಆ ಟೇಪು ಸಾಕ್ಷ್ಯವಾಗಬಲ್ಲದು ಎಂದು ಸುಪ್ರೀಂ ಕೋರ್ಟ್ 1972ರಲ್ಲಿ ಹೇಳಿತು. ಧ್ವನಿ ಯಾರದೆಂದು ಗುರುತಾಗಬೇಕು, ತಿದ್ದುಪಡಿಯ ಸಂಶಯ ಇರಕೂಡದು, ವಿಷಯ ಪ್ರಕರಣಕ್ಕೆ ಸಂಬಂಧಿಸಿರಬೇಕು ಎಂಬ ಷರತ್ತುಗಳನ್ನು 1985ರ ರಾಮ್ ಸಿಂಗ್ ಪ್ರಕರಣದ ತೀರ್ಪು ಬಿಡಿಸಿ ಹೇಳಿತು.

ಆಮೇಲೆ ಖಾಸಗಿತನದ ಪ್ರಶ್ನೆ ಎದ್ದು ನಿಂತಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ ಹೊರಟ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಅದರ ಬೆಳಕಿನಲ್ಲಿ ಕೆಲವು ಹೈಕೋರ್ಟುಗಳು ಗುಟ್ಟಾಗಿ ಮುದ್ರಿಸಿದ ದಂಪತಿಗಳ ಮಾತುಕತೆಯನ್ನು ಒಪ್ಪಲಿಲ್ಲ. 2023ರಲ್ಲಿ ಛತ್ತೀಸಗಢ ಹೈಕೋರ್ಟ್ ಅದನ್ನು ಖಾಸಗಿತನದ ಉಲ್ಲಂಘನೆ ಎಂದಿತು. ಆದರೆ 2025ರ ಜುಲೈ 14ರಂದು ವಿಭೋರ್ ಗರ್ಗ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ, ಗಂಡ ಹೆಂಡಿರ ನಡುವಿನ ಮೊಕದ್ದಮೆಯಲ್ಲಿ ಅಂಥ ಧ್ವನಿಮುದ್ರಿಕೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ತೀರ್ಪಿತ್ತಿತು.

ಹೀಗೆ ನ್ಯಾಯಾಲಯದ ಬಾಗಿಲು ತೆರೆದಿದೆ, ಜೇಬಿನ ಯಂತ್ರದ ಬಾಗಿಲು ಮುಚ್ಚಿದೆ. ಲಂಚದ ಪ್ರಕರಣಗಳಲ್ಲಿ ಈ ವಿರೋಧಾಭಾಸ ಹೆಚ್ಚು ಕಾಡುತ್ತದೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಟ್ಟವನು ಏಳು ದಿನಗಳೊಳಗೆ ದೂರು ನೀಡಿದರೆ ಮಾತ್ರ ರಕ್ಷಣೆ. ಒತ್ತಾಯ ನಡೆಯಿತೆಂದು ಆತ ತೋರಿಸುವುದು ಹೇಗೆ? ಲೋಕಾಯುಕ್ತದ ಮೆಟ್ಟಿಲು ಹತ್ತುವ ಬಡವನ ಕೈಯಲ್ಲಿ ಒಂದು ಕರೆಯ ದಾಖಲೆ ಇದ್ದರೆ ಅವನ ಮಾತಿಗೆ ಬರುವ ತೂಕವೇ ಬೇರೆ.

ನಾಣ್ಯದ ಮತ್ತೊಂದು ಮುಖ

ಇಷ್ಟು ಹೇಳಿ ನಿಲ್ಲಿಸಿದರೆ ವಾದ ಒಂದೇ ಕಡೆಗೆ ವಾಲುತ್ತದೆ. ಫೋನಿನ ಮಾತು ಹೊರಬಿದ್ದು ಆದ ಅನಾಹುತಗಳನ್ನು ನಾವೂ ಕಂಡಿದ್ದೇವೆ. ಪ್ರೀತಿಸಿದ ದಿನಗಳ ಮಾತನ್ನು ಇಟ್ಟುಕೊಂಡು ಹುಡುಗಿಯನ್ನು ಬೆದರಿಸುವವರಿದ್ದಾರೆ. ಸಂಘದ ಪದಾಧಿಕಾರಿ ಸಿಟ್ಟಿನಲ್ಲಿ ಆಡಿದ ಒಂದು ಮಾತು ಸಂಜೆಯೊಳಗೆ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಸುತ್ತಿ ಎರಡು ಮನೆಗಳ ನಡುವೆ ಮಾತು ನಿಂತದ್ದಿದೆ. ಎದುರಿನವರು ಮುದ್ರಿಸಿಕೊಳ್ಳುತ್ತಿದ್ದಾರೆಂಬ ಗುಮಾನಿ ಬಂದರೆ ಗೆಳೆಯರ ನಡುವಿನ ಸಲಿಗೆಯೂ ಒಣಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಯಾರ ಧ್ವನಿಯನ್ನು ಬೇಕಾದರೂ ಅನುಕರಿಸಬಹುದಾದ ಈ ಕಾಲದಲ್ಲಿ, ಕಿವಿಗೆ ಬಿದ್ದ ಮುದ್ರಿಕೆಯನ್ನೆಲ್ಲ ಸತ್ಯವೆಂದು ನಂಬುವುದೂ ಅಪಾಯ.

ದೂರವಾಣಿ ಕದ್ದಾಲಿಕೆಯ ಬಿಸಿ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ರಾಮಕೃಷ್ಣ ಹೆಗಡೆ ಅವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪದವಿ ತೊರೆದದ್ದು ಇಂಥದೇ ಆರೋಪದ ನಡುವೆ. ಸರ್ಕಾರಕ್ಕೂ ಈ ವಿಷಯದಲ್ಲಿ ಲಂಗುಲಗಾಮು ಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಕಟ್ಟಳೆಗಳನ್ನು ವಿಧಿಸಿತು. ಆದರೆ ಕದ್ದಾಲಿಕೆ ಎಂದರೆ ಮೂರನೆಯವನು ನುಸುಳುವುದು. ನನಗೆ ಬಂದ ಕರೆಯನ್ನು ನಾನು ಮುದ್ರಿಸಿಕೊಳ್ಳುವುದು ಅದಲ್ಲ. ಆ ಮಾತು ಆಗಲೇ ನನ್ನ ಕಿವಿಗೆ ಬಿದ್ದಿದೆ. ಅದನ್ನು ನಾಳೆ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳುವ ಅಧಿಕಾರ ನನಗೆ ಇದ್ದೇ ಇದೆ. ಧ್ವನಿಮುದ್ರಿಕೆ ನನ್ನ ನೆನಪಿಗೆ ಆಧಾರ ಕೊಡುತ್ತದೆ, ಅಷ್ಟೇ. ಹೆಂಡತಿಯ ಫೋನಿನೊಳಗೆ ಗುಟ್ಟಾಗಿ ಆಪ್ ತುರುಕಿ ಅವಳು ತವರಿನವರೊಂದಿಗೆ ಆಡುವ ಮಾತನ್ನು ಆಲಿಸುವವನು ಮಾತ್ರ ಕದ್ದಾಲಿಕೆಯ ಸಾಲಿಗೇ ಸೇರಬೇಕಾದವನು.

ಇರಿಸಿಕೊಳ್ಳುವುದು ಬೇರೆ, ಹರಡುವುದು ಬೇರೆ

ಆದ್ದರಿಂದ ಗೆರೆ ಎಳೆಯಬೇಕಾದ್ದು ಮುದ್ರಣದ ಗುಂಡಿಯ ಮೇಲಲ್ಲ. ಸ್ವಂತ ಕರೆಯನ್ನು ಮುದ್ರಿಸಿ ಇಟ್ಟುಕೊಳ್ಳುವುದು, ಬೇಕಾದಾಗ ಪೊಲೀಸರಿಗೆ, ಲೋಕಾಯುಕ್ತಕ್ಕೆ, ಗ್ರಾಹಕ ಆಯೋಗಕ್ಕೆ, ನ್ಯಾಯಾಲಯಕ್ಕೆ ಒಪ್ಪಿಸುವುದು ನಾಗರಿಕನ ಹಕ್ಕಾಗಬೇಕು. ಅದನ್ನು ಊರಿಗೆಲ್ಲ ಹಂಚುವುದು, ಅದರಿಂದ ಬೆದರಿಸುವುದು, ಅರ್ಧ ಕತ್ತರಿಸಿ ಅರ್ಥ ಕೆಡಿಸುವುದು ಸ್ಪಷ್ಟವಾದ ಅಪರಾಧವಾಗಬೇಕು. ಮಾನನಷ್ಟ, ಸುಲಿಗೆಗಳ ಕಾನೂನಿನಲ್ಲಿ ಇದರ ಒಂದಂಶ ಈಗಲೂ ಇದೆ. ಧ್ವನಿಮುದ್ರಿಕೆಯನ್ನು ಹೆಸರಿಸಿ ಹೇಳುವ ನಿಯಮ ಬಂದರೆ ಸಂದಿಗ್ಧ ಕಳೆದೀತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸ್ವಂತ ಅಥವಾ ಮನೆಬಳಕೆಯ ಉದ್ದೇಶಕ್ಕೆ ವ್ಯಕ್ತಿ ಇಟ್ಟುಕೊಳ್ಳುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಇದೇ ಜಾಡಿನಲ್ಲಿ ಇನ್ನೊಂದು ಹೆಜ್ಜೆ ಇಡಬಹುದು. ಗ್ರಾಹಕರ ಕರೆಯನ್ನು ಮುದ್ರಿಸುವ ಪ್ರತಿಯೊಂದು ಬ್ಯಾಂಕು, ವಿಮಾ ಕಂಪನಿ, ಸಾಲ ಸಂಸ್ಥೆ ಗ್ರಾಹಕ ಕೇಳಿದಾಗ ಅದರ ಪೂರ್ಣ ಪ್ರತಿಯನ್ನು ನಿಗದಿತ ಅವಧಿಯೊಳಗೆ ಕೊಡಲೇಬೇಕು. ಪ್ರತಿನಿಧಿಗಳು ತಮ್ಮ ಖಾಸಗಿ ಫೋನಿನಿಂದ ಮಾರಾಟದ ಮಾತು ಆಡಕೂಡದು, ಆಡುವ ಕರೆಗಳೆಲ್ಲ ಸಂಸ್ಥೆಯ ಸಾಲಿನಿಂದಲೇ ಹೋಗಬೇಕು. ಇಷ್ಟಾದರೆ ಬಡವನ ಫೋನಿನಲ್ಲಿ ಸೌಲಭ್ಯ ಇಲ್ಲದಿದ್ದರೂ ಅನ್ಯಾಯ ಅರ್ಧ ಇಳಿಯುತ್ತದೆ. ಭಾರತದಲ್ಲಿ ಮಾರುವ ಫೋನುಗಳಲ್ಲಿ ಸ್ವಂತ ಕರೆ ಮುದ್ರಿಸುವ ಸೌಲಭ್ಯ ಹೇಗಿರಬೇಕು, ಘೋಷಣೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಸಂಸತ್ತು ತೀರ್ಮಾನಿಸಲಿ. ಎಲ್ಲ ಕರೆಗಳಿಗೂ ಘೋಷಣೆ ಬೇಕೆಂದು ಅಲ್ಲಿ ತೀರ್ಮಾನವಾದರೆ ಒಪ್ಪೋಣ. ಅದು ನಮ್ಮ ಕಾನೂನಾದರೂ ಆದೀತು.

ಅಲ್ಲಿಯವರೆಗೆ ಜನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಘೋಷಣೆಯಿಲ್ಲದ ದಾರಿ ಬೇಕಾದವರಿಗೆ ಸ್ಪೀಕರ್ ಹಾಕಿ ಮತ್ತೊಂದು ಫೋನಿನಲ್ಲಿ ಮುದ್ರಿಸುವ ಹಳೆಯ ಉಪಾಯ ಈಗಲೂ ಇದೆ. ಧ್ವನಿಮುದ್ರಣದ ಆಸೆಗೆ ಅಂತರಜಾಲದ ಮೂಲೆಯಿಂದ ಅಪರಿಚಿತ ಆಪ್ ಇಳಿಸಿಕೊಳ್ಳುವುದು, ಕಳ್ಳನ ಭಯಕ್ಕೆ ಕಳ್ಳನನ್ನೇ ಕಾವಲಿಟ್ಟಂತೆ. ಮುದ್ರಿಕೆಯನ್ನು ಕತ್ತರಿಸಬಾರದು, ಮೂಲ ಕಡತವಿರುವ ಫೋನನ್ನು ಮಾರಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಇಂಥ ಸಾಕ್ಷ್ಯದ ಜೊತೆ ಎರಡು ಭಾಗಗಳ ಪ್ರಮಾಣಪತ್ರ ಬೇಕು. ಒಂದನ್ನು ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ಸಹಿ ಮಾಡಬೇಕು. ಕಡತದ ಬೆರಳಚ್ಚು ಎನ್ನಬಹುದಾದ ಹ್ಯಾಶ್ ಮೌಲ್ಯವೂ ಅದರಲ್ಲಿ ನಮೂದಾಗಬೇಕು. ಇದನ್ನು ಹಳ್ಳಿಯ ಜನರಿಗೆ ತಿಳಿಸಿಕೊಡುವ ಕೆಲಸವನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗಳು ತಮ್ಮ ಶಿಬಿರಗಳಲ್ಲಿ ಕೈಗೆತ್ತಿಕೊಂಡರೆ ದೊಡ್ಡ ಉಪಕಾರ. ಹಣ ಕಳೆದುಕೊಂಡ ಸೈಬರ್ ವಂಚನೆಯಾದರೆ ದಾಖಲೆ ಇರಲಿ ಬಿಡಲಿ, ಮೊದಲು 1930ಕ್ಕೆ ಕರೆ ಮಾಡಬೇಕು.

ಧ್ವನಿಮುದ್ರಿಕೆ ಎಂದರೆ ಜಗಳದ ಪುರಾವೆ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ನನ್ನ ಆ ಸಂಬಂಧಿಯ ಹಳೆಯ ಫೋನಿನಲ್ಲಿ 2022ಕ್ಕೆ ಮೊದಲು ತಾವಾಗಿ ದಾಖಲಾದ ಕರೆಗಳು ಉಳಿದಿವೆ. ಅವುಗಳಲ್ಲಿ ತೀರಿಹೋದ ಗಂಡನ ಧ್ವನಿ ಇದೆ. ಪೇಟೆಯಿಂದ ಏನು ತರಬೇಕು, ಮಳೆ ಬಂತೇ, ದನ ಕಟ್ಟಿ ಆಯಿತೇ ಎಂಬಷ್ಟೇ ಮಾತು. ಅಚ್ಚ ಕುಂದಗನ್ನಡದಲ್ಲಿ ಆಡಿದ ಆ ನಾಲ್ಕು ಮಾತುಗಳನ್ನು ಅವರು ಆಗಾಗ ಕೇಳುತ್ತಾರೆ. ಯಾರೂ ಬೇಕೆಂದು ಮುದ್ರಿಸಿದ್ದಲ್ಲ, ಯಾವ ನ್ಯಾಯಾಲಯಕ್ಕೂ ಬೇಕಾದದ್ದಲ್ಲ.

ಅದೇ ಹೆಂಗಸಿನ ಇನ್ನೊಂದು ಧ್ವನಿಮುದ್ರಿಕೆ ದೂರದ ಯಾವುದೋ ಕಚೇರಿಯ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಅವರು ಅರ್ಥವಾಗದ ಪ್ರಶ್ನೆಗಳಿಗೆ ‘ಹೌದು, ಹೌದು’ ಎನ್ನುತ್ತಾರೆ. ಅದನ್ನು ಸಂಸ್ಥೆ ಕೇಳಬಹುದು, ಅವರು ಕೇಳುವಂತಿಲ್ಲ. ಫೋನಿಗೆ ಗುಂಡಿ ಮರಳಿ ಬರುವುದು ತಡವಾದರೂ ಆಗಲಿ, ಈ ಒಂದು ಅನ್ಯಾಯವನ್ನು ಸರಿಪಡಿಸಲು ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ. ಒಂದು ಪುಟದ ನಿಯಮ ಸಾಕು.